ಮನೆಯ ಅಂಗಳವೂ ಬೀದಿಯ ವಾಹನವೂ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬುದು ನಮ್ಮ ಹಿರಿಯರ ಅನುಭವದ ನುಡಿ. ಮನೆ ಕಟ್ಟುವ ಕಷ್ಟವು ಗೃಹಪ್ರವೇಶದ ದಿನಕ್ಕೆ ತೀರಿತೆಂದು ಬಹುಮಂದಿ ಭಾವಿಸುತ್ತಾರೆ. ಆದರೆ ನಗರವಾಸಿಯ ಪಾಲಿಗೆ ಮನೆಯೊಡೆತನದ ಎರಡನೆಯ ಅಧ್ಯಾಯವು ಆ ದಿನದಿಂದಲೇ ಮೊದಲಾಗುತ್ತದೆ. ಕಟ್ಟಿದ ಗೋಡೆಗಳಿಗಿಂತ ಕಟ್ಟದೆ ಬಿಟ್ಟ ತೆರವು ಜಾಗವೇ ಅವನಿಗೆ ಹೆಚ್ಚಿನ ಹೊಣೆಯನ್ನು ತರುತ್ತದೆ. ಆ ಜಾಗದಲ್ಲಿ ಏನು ಮಾಡಬಹುದು, ಏನು ಮಾಡಬಾರದು, ವಾಹನವನ್ನು ಎಲ್ಲಿ ನಿಲ್ಲಿಸಬೇಕು, ಪಾಲಿಕೆಯಿಂದ ನೋಟೀಸು ಬಂದರೆ ಹೇಗೆ ನಡೆದುಕೊಳ್ಳಬೇಕು ಎಂಬ ವಿಷಯಗಳು ಪಠ್ಯಪುಸ್ತಕಗಳಲ್ಲಿ ಬರುವುದಿಲ್ಲ. ದಿನನಿತ್ಯದ ಬಾಳಿನಲ್ಲಿ ಮಾತ್ರ ಅವು ತಪ್ಪದೆ ಎದುರಾಗುತ್ತವೆ. ನಾಗಪುರ ನಗರವನ್ನು ನಿದರ್ಶನವಾಗಿಟ್ಟುಕೊಂಡು ಈ ವಿಷಯವನ್ನು ಕೊಂಚ ವಿಚಾರಮಾಡೋಣ. ಹಳೆಯ ಓಣಿಗಳೂ ಹೊಸ ಬಡಾವಣೆಗಳೂ ಒಂದೇ ಊರಿನಲ್ಲಿ ಕೂಡಿರುವುದರಿಂದ ಅಲ್ಲಿ ಈ ಸಮಸ್ಯೆಯ ಎಲ್ಲ ಮುಖಗಳೂ ಕಾಣಸಿಗುತ್ತವೆ. ಉದ್ಯೋಗದ ನಿಮಿತ್ತ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡ ಕುಟುಂಬಗಳಿಗಂತೂ ಇದು ಮನೆಯ ಮಾತೇ ಸರಿ.

ಹದಿನೆಂಟನೆಯ ಶತಮಾನದ ಆದಿಯಲ್ಲಿ ದೇವಗಢದ ಗೊಂಡ ಅರಸನಾದ ಬಖ್ತ್ ಬುಲಂದ್ ಶಾಹನು ನಾಗ ನದಿಯ ದಡದಲ್ಲಿ ಈ ಊರಿಗೆ ಅಸ್ತಿವಾರ ಹಾಕಿದನು. ಅನಂತರ ಭೋಂಸಲೆ ಅರಸರು ಇದನ್ನು ರಾಜಧಾನಿಯನ್ನಾಗಿ ಮಾಡಿಕೊಂಡರು. ಮಹಾಲ್, ಇತವಾರಿ ಮೊದಲಾದ ಹಳೆಯ ಪೇಟೆಗಳ ಓಣಿಗಳು ಕಾಲ್ನಡಿಗೆಯವರಿಗೂ ಎತ್ತಿನ ಗಾಡಿಗಳಿಗೂ ತಕ್ಕಂತೆ ಬೆಳೆದವು. ೧೮೬೪ರಲ್ಲಿ ಇಲ್ಲಿ ಪುರಸಭೆ ಸ್ಥಾಪಿತವಾಯಿತು. ೧೯೩೬ರ ಅಧಿನಿಯಮದ ಮೇರೆಗೆ ನಾಗಪುರ ಸುಧಾರ ಪ್ರನ್ಯಾಸ ಎಂಬ ಸಂಸ್ಥೆ ಹುಟ್ಟಿ, ನೇರವಾದ ಬೀದಿಗಳನ್ನೂ ಅಳತೆಯ ನಿವೇಶನಗಳನ್ನೂ ಉಳ್ಳ ಬಡಾವಣೆಗಳನ್ನು ರಚಿಸತೊಡಗಿತು. ೧೯೫೧ರಲ್ಲಿ ನಗರಕ್ಕೆ ಮಹಾನಗರಪಾಲಿಕೆಯ ಪದವಿ ದೊರೆಯಿತು. ೧೯೬೦ರಲ್ಲಿ ಮಹಾರಾಷ್ಟ್ರ ರಾಜ್ಯವು ಉದಯಿಸಿದಾಗ ನಾಗಪುರವು ಅದರಲ್ಲಿ ಸೇರಿತ್ತು. ಇಂದು ಪಾಲಿಕೆಯು ಹತ್ತು ವಲಯಗಳ ಮೂಲಕ ಆಡಳಿತವನ್ನು ನಡೆಸುತ್ತಿದೆ. ಕಟ್ಟಡಗಳ ವಿಷಯದಲ್ಲಿ ೨೦೨೦ರ ಡಿಸೆಂಬರಿನಲ್ಲಿ ಮಂಜೂರಾದ ಮಹಾರಾಷ್ಟ್ರದ ಏಕೀಕೃತ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯು ಇಲ್ಲಿಗೂ ಅನ್ವಯಿಸುತ್ತದೆ.

ಮನೆಯ ನಾಲ್ಕೂ ಕಡೆ ಇಷ್ಟಿಷ್ಟು ಜಾಗವನ್ನು ತೆರವಾಗಿ ಬಿಡಬೇಕೆಂದು ಇಂತಹ ನಿಯಮಗಳು ವಿಧಿಸುತ್ತವೆ. ಇದನ್ನೇ ಜನರು ಸೆಟ್‌ಬ್ಯಾಕ್ ಎನ್ನುತ್ತಾರೆ. ರಸ್ತೆಯ ಅಗಲ, ನಿವೇಶನದ ಅಳತೆ, ಕಟ್ಟಡದ ಎತ್ತರ ಇವುಗಳಿಗೆ ಅನುಗುಣವಾಗಿ ಇದರ ಪ್ರಮಾಣವು ಬದಲಾಗುತ್ತದೆ. ಹಣ ಕೊಟ್ಟು ಕೊಂಡ ನೆಲವನ್ನು ಖಾಲಿ ಬಿಡುವುದೇಕೆ ಎಂದು ಕೇಳುವವರುಂಟು. ಗಾಳಿ ಬೆಳಕುಗಳು ನಮಗೂ ನೆರೆಯವರಿಗೂ ಸಮನಾಗಿ ದೊರೆಯಬೇಕು. ಬೆಂಕಿ ಬಿದ್ದರೆ ಅದು ಮನೆಯಿಂದ ಮನೆಗೆ ಹಾರಬಾರದು. ಆರಿಸುವವರಿಗೆ ಒಳಹೋಗಲು ದಾರಿಯಿರಬೇಕು. ಮಳೆಯ ನೀರಿನಲ್ಲಿ ಒಂದಷ್ಟಾದರೂ ನೆಲಕ್ಕೆ ಇಂಗಬೇಕು. ಇವೇ ಆ ತೆರವಿನ ಉದ್ದೇಶಗಳು. ಆ ನೆಲದ ಒಡೆತನ ನಮ್ಮದು, ಅದರ ತೆರವು ಎಲ್ಲರದು ಎಂದು ಸಂಕ್ಷೇಪವಾಗಿ ಹೇಳಬಹುದು. ನಗರದಲ್ಲಿ ಮನೆ ಕಟ್ಟುವವನು ಅರಿಯಬೇಕಾದ ಮೂಲತತ್ತ್ವವೇ ಇದು. ಮುಂದಿನ ಎಲ್ಲ ನಿಯಮಗಳೂ ಇದರಿಂದಲೇ ಹುಟ್ಟುತ್ತವೆ.

ಇದೇ ನಿಯಮಾವಳಿಯು ವಾಹನಗಳಿಗೂ ಜಾಗವನ್ನು ಗೊತ್ತುಮಾಡುತ್ತದೆ. ಒಂದು ಮೋಟಾರು ಕಾರಿಗೆ ೨.೫ ಮೀಟರು ಅಗಲ, ೫ ಮೀಟರು ಉದ್ದ ಎಂಬುದು ರೂಢಿಯ ಲೆಕ್ಕ. ಎಂದರೆ ೧೨.೫ ಚದರ ಮೀಟರು, ಸುಮಾರು ೧೩೫ ಚದರ ಅಡಿ. ಸಾಮಾನ್ಯ ಮನೆಯ ಒಂದು ಕೋಣೆಯಷ್ಟೇ ಜಾಗ ಇದು ಎಂಬುದನ್ನು ವಾಚಕರು ಗಮನಿಸಬೇಕು. ತೊಡಕೆಲ್ಲವೂ ಹುಟ್ಟುವುದು ಈ ಸಾಮ್ಯದಿಂದಲೇ. ಕಾರಿನ ಜಾಗವನ್ನು ಕೋಣೆಯಾಗಿಸಿದರೆ ಬಾಡಿಗೆ ಬರುತ್ತದೆ. ಕಾರು ಮಾತ್ರ ಬಾಡಿಗೆಯಿಲ್ಲದ ಬೀದಿಗೆ ಬರುತ್ತದೆ.

ಈ ಪರಿಣಾಮವು ಹೇಗೆ ಒದಗುವುದೆಂಬುದನ್ನು ತಿಳಿಯಲು ಧರಂಪೇಠೆಯಂತಹ ಬಡಾವಣೆಯಲ್ಲಿ ಮನೆಯುಳ್ಳ ಒಬ್ಬ ಗೃಹಸ್ಥರನ್ನು ಕಲ್ಪಿಸಿಕೊಳ್ಳೋಣ. ಅವರನ್ನು ರಾಯರೆಂದು ಕರೆಯೋಣ. ಮನೆ ಕಟ್ಟಿದಾಗ ಅವರಲ್ಲಿದ್ದುದು ಒಂದು ಸ್ಕೂಟರು ಮಾತ್ರ. ನಕ್ಷೆಯಲ್ಲಿ ಕಾರಿಗೆಂದು ತೋರಿಸಿದ ಜಾಗವು ಬರಿದಾಗಿತ್ತು. ಮಗಳ ವಿದ್ಯಾಭ್ಯಾಸದ ವೆಚ್ಚ ಬಂದಾಗ ಅದಕ್ಕೆ ಗೋಡೆಯೆತ್ತಿ ಬಾಡಿಗೆಗೆ ಕೊಟ್ಟರು. ಬೇಸಗೆಯಲ್ಲಿ ನಾಗಪುರದ ಬಿಸಿಲು ೪೫ ಡಿಗ್ರಿಯನ್ನು ಮೀರುವುದುಂಟು. ಅದಕ್ಕಂಜಿ ಪಕ್ಕದ ತೆರವಿಗೆ ತಗಡಿನ ಮಾಡು ಹಾಕಿಸಿದರು. ಕೆಲವು ವರ್ಷಗಳ ಮೇಲೆ ಕಾರು ಬಂತು. ಒಳಗೆ ಜಾಗವಿಲ್ಲದೆ ಅದು ಬೀದಿಯಲ್ಲಿ ನಿಂತಿತು. ಬೇರೆಯವರು ಅಲ್ಲಿ ವಾಹನ ನಿಲ್ಲಿಸದಂತೆ ಎರಡು ಕಲ್ಲುಗಳನ್ನೂ ನಾಲ್ಕು ಹೂಕುಂಡಗಳನ್ನೂ ಇಡಿಸಿದರು. ಚರಂಡಿಯ ಮೇಲೆ ಸಿಮೆಂಟಿನ ಇಳಿಜಾರನ್ನು ಕಟ್ಟಿಸಿದರು. ಹಳೆಯ ಸ್ಕೂಟರು ಗೇಟಿನ ಹೊರಗೆ ತುಕ್ಕು ಹಿಡಿಯುತ್ತಲಿತ್ತು. ರಾಯರು ದುಷ್ಟರಲ್ಲ. ಒಂದೊಂದು ಕೆಲಸಕ್ಕೂ ಅವರಿಗೊಂದು ಕಾರಣವಿತ್ತು. ಆದರೆ ಎಲ್ಲವನ್ನೂ ಕೂಡಿಸಿ ನೋಡಿದರೆ ನಿಯಮದ ನಾಲ್ಕಾರು ಉಲ್ಲಂಘನೆಗಳು ಅಲ್ಲಿ ಲೆಕ್ಕಕ್ಕೆ ಸಿಗುತ್ತವೆ. ಬೀದಿಯ ಹತ್ತು ಮನೆಗಳವರು ಹೀಗೆಯೇ ಮಾಡಿದರೆ ಬೀದಿಯೆಂಬುದೇ ಉಳಿಯುವುದಿಲ್ಲ.

ಇದು ಅತಿಶಯೋಕ್ತಿಯಲ್ಲವೆಂಬುದನ್ನು ಸುಲಭವಾದ ಗಣಿತದಿಂದ ತೋರಿಸಬಹುದು. ಆರು ಮೀಟರು ಅಗಲದ ಬೀದಿಯೊಂದನ್ನು ತೆಗೆದುಕೊಳ್ಳೋಣ. ಅದರ ಎರಡು ಮಗ್ಗುಲಲ್ಲಿಯೂ ೧.೮ ಮೀಟರು ಅಗಲದ ಕಾರುಗಳು ನಿಂತರೆ ನಡುವೆ ಉಳಿಯುವುದು ೨.೪ ಮೀಟರು. ಭಾರಿ ವಾಹನಗಳ ಅಗಲವು ೨.೬ ಮೀಟರುಗಳವರೆಗೆ ಇರಬಹುದೆಂದು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಅಷ್ಟು ಅಗಲದ ಅಗ್ನಿಶಾಮಕ ವಾಹನವು ಬಂದರೆ ಆ ಬೀದಿಯೊಳಗೆ ಹೋಗಲಾರದು. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ, ಆ ಗಳಿಗೆಯಲ್ಲಿ ಕಾರುಗಳ ಬೀಗದ ಕೈಗಳನ್ನು ಹುಡುಕುತ್ತ ಮನೆಮನೆಯ ಬಾಗಿಲು ತಟ್ಟಬೇಕಾಗುತ್ತದೆ. ರೋಗಿಯನ್ನು ಕರೆದೊಯ್ಯುವ ಆಂಬುಲೆನ್ಸಿಗೂ ಇದೇ ಗತಿ. ಪಾದಚಾರಿ ಮಾರ್ಗದ ಮೇಲೆ ವಾಹನ ನಿಂತರೆ ಪುಸ್ತಕದ ಚೀಲ ಹೊತ್ತ ಬಾಲಕರು ನಡುರಸ್ತೆಗೆ ಇಳಿಯಲೇಬೇಕು. ನಿಯಮದ ಹಿಂದಿರುವುದು ದಂಡದ ಹಣವಲ್ಲ, ಇಂತಹ ಜೀವಗಳು.

ಧಂತೋಲಿ ಮತ್ತು ರಾಮದಾಸಪೇಠೆಗಳ ವೃತ್ತಾಂತವು ಇಲ್ಲಿ ಸ್ಮರಣೀಯವಾಗಿದೆ. ಇವು ಮೂಲತಃ ವಾಸದ ಬಡಾವಣೆಗಳು. ಕಾಲಕ್ರಮದಲ್ಲಿ ಅಲ್ಲಿ ಆಸ್ಪತ್ರೆಗಳು ಒಂದರ ಮಗ್ಗುಲಲ್ಲೊಂದು ಎದ್ದವು. ರೋಗಿಗಳ ಮತ್ತು ಬಂಧುಗಳ ವಾಹನಗಳು ಮನೆಗಳ ಗೇಟುಗಳ ಮುಂದೆ ನಿಲ್ಲತೊಡಗಿದವು. ಧಂತೋಲಿ ನಾಗರಿಕ ಮಂಡಳವು ಮುಂಬಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠದ ಮುಂದೆ ಸಾರ್ವಜನಿಕ ಹಿತದ ಅರ್ಜಿಯನ್ನು ಸಲ್ಲಿಸಿ, ಆಸ್ಪತ್ರೆಗಳ ವಾಹನನಿಲುಗಡೆಯ ಪ್ರಶ್ನೆಯನ್ನು ಎತ್ತಿತು. ನಕ್ಷೆಯಲ್ಲಿ ತೋರಿಸಿದ ನಿಲುಗಡೆಯ ಜಾಗವು ನೆಲದ ಮೇಲೆಯೂ ಇರಬೇಕೆಂಬುದೇ ಇಂತಹ ವ್ಯಾಜ್ಯಗಳ ತಿರುಳು. ಆಸ್ಪತ್ರೆಗೆ ಸಲ್ಲುವ ಈ ನ್ಯಾಯವು ರಾಯರ ಮನೆಗೂ ಸಲ್ಲುತ್ತದೆ.

ಬೀದಿಯಲ್ಲಿ ನಿಂತ ವಾಹನದ ವಿಷಯದಲ್ಲಿ ೧೯೮೮ರ ಮೋಟಾರು ವಾಹನ ಅಧಿನಿಯಮವೇ ಆಧಾರ. ಅಪಾಯವನ್ನೋ ಅಡಚಣೆಯನ್ನೋ ಉಂಟುಮಾಡುವಂತೆ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಬಿಡಕೂಡದೆಂದು ಅದರ ೧೨೨ನೆಯ ಪ್ರಕರಣವು ಹೇಳುತ್ತದೆ. ಹತ್ತು ತಾಸು ಅಥವಾ ಹೆಚ್ಚು ಕಾಲ ಕೇಳುವವರಿಲ್ಲದೆ ನಿಂತ ವಾಹನವನ್ನೂ, ನಿಷೇಧಿತ ಸ್ಥಳದಲ್ಲಿ ನಿಂತ ವಾಹನವನ್ನೂ ಎಳೆದೊಯ್ಯಿಸಲು ಅಥವಾ ಚಕ್ರಕ್ಕೆ ಬೀಗ ಹಾಕಿಸಲು ಸಮವಸ್ತ್ರದ ಪೋಲೀಸು ಅಧಿಕಾರಿಗೆ ೧೨೭ನೆಯ ಪ್ರಕರಣವು ಅಧಿಕಾರ ಕೊಡುತ್ತದೆ. ಬೇರೆ ಶಿಕ್ಷೆ ಹೇಳದ ಅಪರಾಧಗಳಿಗೆ ಮೊದಲ ಸಲ ನೂರು ರೂಪಾಯಿಗಳವರೆಗೆ ಇದ್ದ ದಂಡವು ೨೦೧೯ರ ತಿದ್ದುಪಡಿಯಿಂದ ಐನೂರು ರೂಪಾಯಿಗಳಿಗೇರಿತು. ರಾಯರ ತುಕ್ಕುಹಿಡಿದ ಸ್ಕೂಟರಿಗೆ ೨೦೨೧ರ ನಿಯಮಗಳಂತೆ ನೋಂದಾಯಿತವಾದ ಗುಜರಿ ಕೇಂದ್ರವೇ ಸರಿಯಾದ ಸ್ಥಳ. ಅಲ್ಲಿ ಒಪ್ಪಿಸಿ ಪ್ರಮಾಣಪತ್ರ ಪಡೆದು ನೋಂದಣಿಯನ್ನು ರದ್ದುಮಾಡಿಸಿದರೆ ಹೊಣೆ ಕಳೆಯುತ್ತದೆ.

ಗೇಟಿಗೆ ನೇತುಹಾಕುವ “ಇಲ್ಲಿ ವಾಹನ ನಿಲ್ಲಿಸಬೇಡಿ” ಎಂಬ ಹಲಗೆಯ ವಿಷಯದಲ್ಲಿ ಜನರಲ್ಲಿ ತಪ್ಪು ಕಲ್ಪನೆಯಿದೆ. ಸಂಚಾರದ ಫಲಕಗಳನ್ನು ನಿಲ್ಲಿಸುವ ಅಧಿಕಾರವು ಸರ್ಕಾರಕ್ಕೂ ಅದು ನೇಮಿಸಿದ ಅಧಿಕಾರಿಗಳಿಗೂ ಸೇರಿದ್ದು. ಮನೆಯವರ ಹಲಗೆ ಒಂದು ಬಿನ್ನಹವೇ ಹೊರತು ಆಜ್ಞೆಯಲ್ಲ. ಹಾಗೆಂದು ಗೇಟಿಗೆ ಅಡ್ಡವಾಗಿ ವಾಹನ ನಿಲ್ಲಿಸಬಹುದೆಂದು ಅರ್ಥವಲ್ಲ. ಹಲಗೆ ಇರಲಿ ಬಿಡಲಿ, ಪ್ರವೇಶದ್ವಾರವನ್ನು ತಡೆಯುವುದು ಚಾಲನೆಯ ನಿಯಮಗಳಿಗೆ ವಿರುದ್ಧವೇ. ಆದರೆ ಗೇಟನ್ನು ಬಿಟ್ಟು ಉಳಿದ ಗೋಡೆಯುದ್ದದ ರಸ್ತೆಯು ಮನೆಯವರ ಸ್ವತ್ತಲ್ಲ. ಅಲ್ಲಿ ಕಲ್ಲಿಡುವವನು ತಾನೇ ತಪ್ಪಿಗೆ ಗುರಿಯಾಗುತ್ತಾನೆ. ೨೦೨೪ರ ಜುಲೈ ಒಂದರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೨೮೫ನೆಯ ಪ್ರಕರಣದಂತೆ ಸಾರ್ವಜನಿಕ ಮಾರ್ಗದಲ್ಲಿ ಅಡಚಣೆ ಮಾಡಿದವರಿಗೆ ಐದು ಸಾವಿರ ರೂಪಾಯಿಗಳವರೆಗೆ ದಂಡವುಂಟು.

ಇನ್ನು ಗೋಡೆಯ ಒಳಗಿನ ಅಂಗಳಕ್ಕೆ ಬರೋಣ. ಒಳಗಿರುವುದೆಲ್ಲ ನಮ್ಮ ಇಷ್ಟವೆಂಬ ಭಾವನೆಯೂ ಪೂರ್ತಿ ಸರಿಯಲ್ಲ. ನಾಗಪುರದಲ್ಲಿ ಬೇಸಗೆಯ ಸಂಗಾತಿಯಾದ ಕೂಲರು ಮಳೆಗಾಲದಲ್ಲಿ ಮೂಲೆ ಸೇರುತ್ತದೆ. ಅದರ ತಳದ ನೀರಿನಲ್ಲಿ ಡೆಂಗೆ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಏಳರಿಂದ ಹತ್ತು ದಿನಗಳಲ್ಲಿ ಬೆಳೆಯುತ್ತದೆ. ಆದುದರಿಂದಲೇ ವಾರಕ್ಕೊಮ್ಮೆ ನೀರನ್ನು ಚೆಲ್ಲಿ ಒಣಗಿಸತಕ್ಕುದು. ಹಳೆಯ ಟೈರು, ಒಡೆದ ಕುಂಡ, ಕೆಟ್ಟುನಿಂತ ವಾಹನ ಇವುಗಳಲ್ಲಿ ನಿಂತ ನೀರೂ ಹಾಗೆಯೇ. ಮನೆಯ ದುರಸ್ತಿಯ ಮಣ್ಣು ಇಟ್ಟಿಗೆಗಳನ್ನು ಬೀದಿಯಲ್ಲಿ ಸುರಿಯುವವರನ್ನು ಹಿಡಿಯಲು ಪಾಲಿಕೆಯು ಉಪದ್ರವ ಶೋಧ ಪಥಕ ಎಂಬ ತಂಡವನ್ನೇ ಇರಿಸಿದೆ. ಕಾರಿಗೆ ಜಾಗ ಮಾಡಲೆಂದು ಅಂಗಳದ ಬೇವಿನ ಮರವನ್ನು ಕಡಿಯುವುದಕ್ಕೂ ಸ್ವಾತಂತ್ರ್ಯವಿಲ್ಲ. ೧೯೭೫ರ ಮಹಾರಾಷ್ಟ್ರದ ನಗರವೃಕ್ಷ ಸಂರಕ್ಷಣಾ ಅಧಿನಿಯಮದಂತೆ ವೃಕ್ಷ ಪ್ರಾಧಿಕಾರದ ಅಪ್ಪಣೆ ಬೇಕು.

ಅಂಗಳವನ್ನೆಲ್ಲ ಸಿಮೆಂಟಿನಿಂದ ಮುಚ್ಚುವ ಚಾಳಿಯನ್ನೂ ಇಲ್ಲಿ ಪ್ರಸ್ತಾಪಿಸಬೇಕು. ೨೦೨೩ರ ಸೆಪ್ಟೆಂಬರ್ ೨೩ರ ಬೆಳಗಿನ ಜಾವ ಕೆಲವೇ ತಾಸುಗಳಲ್ಲಿ ನೂರು ಮಿಲಿಮೀಟರಿಗೂ ಮೀರಿ ಮಳೆ ಸುರಿದು, ಅಂಬಾಝರಿ ಕೆರೆ ಉಕ್ಕಿ ಹರಿದು, ಕೆಳಗಿನ ಬಡಾವಣೆಗಳ ಮನೆಗಳೂ ವಾಹನಗಳೂ ನೀರಿನಲ್ಲಿ ಮುಳುಗಿದವು. ಪ್ರಾಣಹಾನಿಯೂ ಆಯಿತು. ಇಂತಹ ಮಹಾಪೂರವನ್ನು ಅಂಗಳಗಳ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಇಂಗಲು ಮಣ್ಣಿಲ್ಲದ ಅಂಗಳದ ನೀರು ಬೀದಿಗೇ ಹರಿಯುತ್ತದೆ. ಸಿಮೆಂಟಿನ ಇಳಿಜಾರಿನಿಂದ ಕಟ್ಟಿಹೋದ ಚರಂಡಿಯು ಅದನ್ನು ಮುಂದೆ ಸಾಗಿಸಲಾರದು. ಕಾರಿನ ಎರಡು ಚಕ್ರಗಳಿಗೆ ಎರಡು ಪಟ್ಟಿ ಕಲ್ಲು ಹಾಸಿ ನಡುವೆ ಹುಲ್ಲನ್ನು ಬಿಟ್ಟರೆ ವಾಹನಕ್ಕೂ ನೀರಿಗೂ ಜಾಗ ದೊರೆಯುತ್ತದೆ.

ಈಗ ರಾಯರ ಮನೆಗೆ ಪಾಲಿಕೆಯ ನೋಟೀಸು ಬಂದಿತೆಂದು ಭಾವಿಸೋಣ. ಅದು ಮರಾಠಿಯಲ್ಲಿರುತ್ತದೆ. ಓದಲು ತೊಡಕೆಂದು ಅದನ್ನು ಪೆಟ್ಟಿಗೆಯಲ್ಲಿ ಮಡಿಸಿಡುವುದು ಮೊದಲನೆಯ ತಪ್ಪು. ಪರಿಚಿತರ ಶಿಫಾರಸ್ಸಿಗಾಗಿ ಅಲೆಯುವುದು ಎರಡನೆಯದು. ಲಿಪಿಯು ಹಿಂದಿಯದೇ ಆದುದರಿಂದ ಮನೆಯ ಮಕ್ಕಳೇ ಅದನ್ನು ಓದಿಹೇಳಬಲ್ಲರು. ಅರ್ಥವನ್ನು ನೆರೆಯವರಿಂದ ತಿಳಿಯಬಹುದು. ನೋಟೀಸು ಕೊಟ್ಟ ಕಚೇರಿ ಯಾವುದು, ಯಾವ ಕಾಯಿದೆಯ ಯಾವ ಪ್ರಕರಣದಡಿ ಅದು ಬಂದಿದೆ, ಯಾವ ಭಾಗವನ್ನು ಕುರಿತು ಆಕ್ಷೇಪಿಸಿದೆ, ಉತ್ತರಕ್ಕೆ ಎಷ್ಟು ದಿನಗಳ ಅವಧಿಯಿದೆ ಎಂಬ ನಾಲ್ಕು ಸಂಗತಿಗಳನ್ನು ಮೊದಲು ಗುರುತಿಸಬೇಕು. ಕೆಲವು ಬಡಾವಣೆಗಳು ಸುಧಾರ ಪ್ರನ್ಯಾಸದವು, ಉಳಿದವು ಪಾಲಿಕೆಯವು. ಆದುದರಿಂದ ಕಚೇರಿಯನ್ನು ಸರಿಯಾಗಿ ತಿಳಿಯುವುದು ಅಗತ್ಯ.

ಎರಡನೆಯ ಹೆಜ್ಜೆಯಾಗಿ ಮಂಜೂರಾದ ನಕ್ಷೆಯನ್ನು ಕೈಗೆತ್ತಿಕೊಂಡು, ಅಳತೆಯ ಪಟ್ಟಿಯೊಡನೆ ಮನೆಯ ಸುತ್ತ ನಡೆಯಬೇಕು. ನಕ್ಷೆಯ ಪ್ರತಿ ಇಲ್ಲದಿದ್ದರೆ ೨೦೦೫ರ ಮಾಹಿತಿ ಹಕ್ಕಿನ ಅಧಿನಿಯಮದಂತೆ ಕೇಳಿ ಪಡೆಯಬಹುದು. ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ನಕ್ಷೆಗೂ ನೆಲಕ್ಕೂ ಇರುವ ವ್ಯತ್ಯಾಸಗಳನ್ನು ಬರೆದುಕೊಂಡು ಅವುಗಳನ್ನು ಮೂರು ಬಗೆಯಾಗಿ ವಿಂಗಡಿಸಬೇಕು. ರಸ್ತೆಯ ಮೇಲಿರುವ ಕಲ್ಲು, ಕುಂಡ, ಇಳಿಜಾರುಗಳು ಮೊದಲನೆಯ ಬಗೆ. ಇವನ್ನು ಅಂದೇ ತೆಗೆಸಿಬಿಡುವುದು ಲೇಸು. ರಸ್ತೆಯ ಮೇಲಿಟ್ಟ ವಸ್ತುಗಳನ್ನು ನೋಟೀಸಿಲ್ಲದೆಯೇ ತೆರವುಮಾಡುವ ಅಧಿಕಾರವನ್ನು ಮಹಾರಾಷ್ಟ್ರ ಮಹಾನಗರಪಾಲಿಕೆಗಳ ಅಧಿನಿಯಮವು ಆಯುಕ್ತರಿಗೆ ಕೊಟ್ಟಿದೆ. ನಿಯಮದ ಮಿತಿಯೊಳಗೆ ಅಪ್ಪಣೆ ಪಡೆದು ಉಳಿಸಿಕೊಳ್ಳಬಹುದಾದವು ಎರಡನೆಯ ಬಗೆ. ಇವಕ್ಕೆ ಪರವಾನಗಿ ಪಡೆದ ಶಿಲ್ಪಿಯ ಮೂಲಕ ಪರಿಷ್ಕೃತ ನಕ್ಷೆಯೊಡನೆ ಅರ್ಜಿ ಸಲ್ಲಿಸಬೇಕು. ಕಾರಿನ ಜಾಗದ ಕೋಣೆಯಂತಹವು ಮೂರನೆಯ ಬಗೆ. ನಿಯಮದಂತೆ ಬೇಕಾದ ನಿಲುಗಡೆಯ ಜಾಗವನ್ನು ಬೇರೆಡೆ ತೋರಿಸಲಾಗದಿದ್ದರೆ ಬಾಡಿಗೆಯ ಆಸೆಯನ್ನು ಬಿಟ್ಟು ಗೋಡೆಯನ್ನು ತೆಗೆಯುವುದೇ ದಾರಿ.

ಮೂರನೆಯ ಹೆಜ್ಜೆ ಬರಹದ ಉತ್ತರ. ಬಾಯಿಮಾತಿನ ಸಮಾಧಾನವು ಕಡತದಲ್ಲಿ ನಿಲ್ಲುವುದಿಲ್ಲ. ಏನನ್ನು ತೆಗೆದಾಯಿತು, ಏನಕ್ಕೆ ಅರ್ಜಿ ಹಾಕಿದೆ, ಉಳಿದುದಕ್ಕೆ ಎಷ್ಟು ಕಾಲಾವಕಾಶ ಬೇಕು ಎಂಬುದನ್ನು ವಿನಯದಿಂದ ಬರೆದು, ಚಿತ್ರಗಳನ್ನು ಲಗತ್ತಿಸಿ, ಕೊಟ್ಟುದಕ್ಕೆ ಮೊಹರಿನ ರಸೀದಿ ಪಡೆಯಬೇಕು. ಗೃಹಸ್ಥನಿಗೆ ಇಲ್ಲಿ ರಕ್ಷಣೆಯೂ ಉಂಟು. ೨೦೨೪ರ ನವೆಂಬರ್ ೧೩ರಂದು ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪಿನಂತೆ, ಕಟ್ಟಡವನ್ನು ಕೆಡಹುವ ಮುನ್ನ ನೋಂದಾಯಿತ ಅಂಚೆಯಲ್ಲಿ ಕನಿಷ್ಠ ಹದಿನೈದು ದಿನಗಳ ನೋಟೀಸು ಕೊಡಬೇಕು. ಒಡೆಯನ ಅಹವಾಲನ್ನು ಕೇಳಬೇಕು. ಕಾರಣಸಹಿತ ಆಜ್ಞೆಯನ್ನು ಬರೆಯಬೇಕು. ಆಜ್ಞೆಯಾದ ಮೇಲೆಯೂ ಹದಿನೈದು ದಿನ ಕಾಯಬೇಕು. ಆದರೆ ರಸ್ತೆ, ಪಾದಚಾರಿ ಮಾರ್ಗ ಮೊದಲಾದ ಸಾರ್ವಜನಿಕ ಸ್ಥಳಗಳ ಮೇಲಿನ ಅನಧಿಕೃತ ರಚನೆಗಳಿಗೆ ಈ ರಕ್ಷಣೆ ಇಲ್ಲವೆಂದು ಅದೇ ತೀರ್ಪು ತಿಳಿಸಿದೆ. ಮನೆಯ ಗೋಡೆಯು ಕಾನೂನಿನಲ್ಲಿಯೂ ಎಲ್ಲೆಯೇ ಎಂಬುದು ಇದರಿಂದ ವಿಶದವಾಗುತ್ತದೆ.

ಬಹು ಮಹಡಿಯ ಕಟ್ಟಡಗಳಲ್ಲಿ ವಾಸಿಸುವವರೂ ಒಂದು ತೀರ್ಪನ್ನು ತಿಳಿದಿರಬೇಕು. ಕಂಬಗಳ ಮೇಲೆ ನಿಂತ ಕಟ್ಟಡದ ಕೆಳಗಿನ ನಿಲುಗಡೆಯ ತೆರವು ಎಲ್ಲ ನಿವಾಸಿಗಳಿಗೂ ಸಾಮಾನ್ಯವಾದುದು, ಕಟ್ಟಿದವರು ಅದನ್ನು ಬೇರೆಯಾಗಿ ಮಾರಲಾರರು ಎಂದು ೨೦೧೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮುಂಬಯಿಯ ಒಂದು ಗೃಹನಿರ್ಮಾಣ ಸಂಘದ ಪ್ರಕರಣದಲ್ಲಿ ತೀರ್ಮಾನಿಸಿತು.

ನೆರೆಯವರಿಂದ ತೊಂದರೆಯಾದವರು ಮೊದಲು ನೆರೆಯವರೊಡನೆಯೇ ಮಾತನಾಡುವುದು ಒಳಿತು. “ರಾಯರೇ, ತಮ್ಮ ಕಾರನ್ನು ಕೊಂಚ ಹಿಂದೆ ನಿಲ್ಲಿಸಿದರೆ ನಮ್ಮ ತಾಯಿಯವರ ಗಾಲಿಕುರ್ಚಿ ಹೊರಗೆ ಬರುತ್ತದೆ” ಎಂಬ ಒಂದು ಮಾತು ಹತ್ತು ದೂರುಗಳ ಕೆಲಸವನ್ನು ಮಾಡೀತು. ಅದು ಫಲಿಸದಿದ್ದರೆ ಪಾಲಿಕೆಯ ವಲಯ ಕಚೇರಿಯೂ ಸಂಚಾರದ ಪೋಲೀಸರೂ ಇದ್ದಾರೆ. ಉಪದ್ರವವು ಸಾರ್ವಜನಿಕವಾದುದಾದರೆ ಅದನ್ನು ತೆಗೆಸಲು ಕಾರ್ಯನಿರ್ವಾಹಕ ದಂಡಾಧಿಕಾರಿಯು ಆಜ್ಞೆ ಮಾಡಬಹುದು. ಇಂತಹ ಅಧಿಕಾರದ ಬಲವನ್ನು ಲೋಕಕ್ಕೆ ತೋರಿಸಿದ್ದು ಮಧ್ಯಪ್ರದೇಶದ ರತ್ಲಾಮ್ ಊರಿನ ಪ್ರಕರಣ. ಚರಂಡಿಯ ದುರ್ನಾತದಿಂದ ಬೇಸತ್ತ ನಿವಾಸಿಗಳ ಪರವಾಗಿ ೧೯೮೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಹಣವಿಲ್ಲವೆಂಬ ನೆಪದಿಂದ ಪುರಸಭೆಯು ತನ್ನ ಕರ್ತವ್ಯದಿಂದ ತಪ್ಪಿಸಿಕೊಳ್ಳಲಾಗದೆಂದು ಸಾರಿತು. ಕಾನೂನು ಗೃಹಸ್ಥನನ್ನು ಮಾತ್ರವಲ್ಲದೆ ಪಾಲಿಕೆಯನ್ನೂ ಬಂಧಿಸುತ್ತದೆ.

ಪರದೇಶಗಳಲ್ಲಿಯೂ ಈ ಪ್ರಶ್ನೆ ಇಲ್ಲದಿಲ್ಲ. ಅಮೆರಿಕದ ಅನೇಕ ಪಟ್ಟಣಗಳಲ್ಲಿ ಸ್ವಂತ ಮನೆಯ ಮುಂದಿನ ಹುಲ್ಲಿನ ಮೇಲೆ ಕಾರು ನಿಲ್ಲಿಸಿದರೂ, ಕೆಟ್ಟ ಕಾರನ್ನು ಅಂಗಳದಲ್ಲಿ ಇಟ್ಟುಕೊಂಡರೂ ನೋಟೀಸು ಬರುತ್ತದೆ. ಜಪಾನು ಇನ್ನೂ ಮೂಲಕ್ಕೆ ಕೈಹಾಕಿತು. ಅಲ್ಲಿ ೧೯೬೨ರಲ್ಲಿ ಮಾಡಿದ ಕಾಯಿದೆಯಂತೆ, ಕಾರು ಕೊಳ್ಳುವವನು ಮನೆಯಿಂದ ಎರಡು ಕಿಲೋಮೀಟರುಗಳೊಳಗೆ ಅದಕ್ಕೊಂದು ಸ್ವಂತ ತಂಗುದಾಣವುಂಟೆಂದು ಪೋಲೀಸರಿಂದ ಪ್ರಮಾಣಪತ್ರ ಪಡೆಯಬೇಕು. ನಾವು ಕಾರನ್ನು ಕೊಂಡು ಜಾಗವನ್ನು ಹುಡುಕುತ್ತೇವೆ. ಅವರು ಜಾಗವನ್ನು ತೋರಿಸಿ ಕಾರನ್ನು ಕೊಳ್ಳುತ್ತಾರೆ.

ನಿಯಮವು ಎಲ್ಲರ ಮೇಲೂ ಒಂದೇ ಭಾರವನ್ನು ಹೊರಿಸುವುದಿಲ್ಲವೆಂಬುದನ್ನೂ ನಾವು ಮರೆಯಬಾರದು. ಮಹಾಲಿನ ಓಣಿಯಲ್ಲಿ ತಲೆತಲಾಂತರದಿಂದ ಇರುವವರ ಮನೆಗೆ ಅಂಗಳವೇ ಇಲ್ಲ. ಅಂಥವರಿಗಾಗಿ ಸಾರ್ವಜನಿಕ ನಿಲುಗಡೆಯ ಸ್ಥಳಗಳನ್ನು ಒದಗಿಸುವುದು ನಗರಾಡಳಿತದ ಹೊಣೆ. ೨೦೧೯ರಲ್ಲಿ ಸಂಚಾರ ಮೊದಲುಮಾಡಿದ ನಾಗಪುರದ ಮೆಟ್ರೋ ರೈಲಿನಂತಹ ಅನುಕೂಲಗಳು ಬೆಳೆದಷ್ಟೂ ಬೀದಿಯ ಭಾರ ಇಳಿಯುತ್ತದೆ. ಆದರೆ ಅಂಗಳವಿದ್ದೂ ಅದನ್ನು ಬಾಡಿಗೆಗೆ ಕೊಟ್ಟು ಬೀದಿಯನ್ನು ಬಳಸುವವರಿಗೆ ಈ ಸಮಾಧಾನ ಸಲ್ಲದು.

ಇಂದು ಈ ಪುಟಗಳನ್ನು ಓದುವ ವಿದ್ಯಾರ್ಥಿಗಳು ನಾಳೆಯ ಗೃಹಸ್ಥರು. ಅಂದು ಮನೆ ಕಟ್ಟುವಾಗ ನಕ್ಷೆಯಲ್ಲಿ ಬಿಟ್ಟ ತೆರವನ್ನು ಉಳಿಕೆಯ ನೆಲವೆಂದು ಎಣಿಸದೆ, ನೆರೆಯವರಿಗೆ ಕೊಟ್ಟ ಮಾತೆಂದು ಅವರು ಎಣಿಸಲಿ. ಅಲ್ಲಿಯವರೆಗೆ ಅವರು ಮಾಡಬಹುದಾದ ಕೆಲಸವೊಂದಿದೆ. ತಮ್ಮ ಮನೆಯ ಗೇಟಿನಿಂದ ಬೀದಿಯ ತುದಿಯವರೆಗೆ ನಡೆದು, ಒಂದು ಅಗ್ನಿಶಾಮಕ ವಾಹನವು ಈ ದಾರಿಯಲ್ಲಿ ಬರಬಲ್ಲುದೇ ಎಂದು ಅಳೆದು ನೋಡಲಿ. ಬರಲಾರದೆಂದು ಕಂಡರೆ ಆ ಸಂಗತಿಯನ್ನು ಮನೆಯ ಹಿರಿಯರ ಮುಂದಿಡಲಿ.